ಎಡಗಾಲಿಗೆ ಕೆಲಸವಿಲ್ಲದ ಕಾರು

ದೊಡ್ಡಹನುಮಯ್ಯನವರ ಬಲಗಾಲಿನ ಬಗ್ಗೆ ಬಸವೇಶ್ವರನಗರದಲ್ಲಿ ಇಂದಿಗೂ ಯಾರೂ ಒಂದು ಕೆಟ್ಟ ಮಾತು ಆಡುವುದಿಲ್ಲ. ಹೇಳಿದ್ದನ್ನು ಕೇಳುವ, ಇಟ್ಟಲ್ಲಿ ಇರುವ, ಒತ್ತು ಎಂದಷ್ಟೇ ಒತ್ತುವ ಸಾಧು ಕಾಲು ಅದು. ರಗಳೆಯೆಲ್ಲ ಎಡಗಾಲಿನದು. ಐವತ್ತೆರಡು ವರ್ಷ ಆ ಎಡಗಾಲೂ ಮರ್ಯಾದೆಯಾಗಿಯೇ ಬಾಳಿತ್ತು. ಕುರುಬರಹಳ್ಳಿಯ ಹೊಲದಲ್ಲಿ ರಾಗಿ ತುಳಿದಿತ್ತು. ಹೊಲವೆಲ್ಲ ಬಡಾವಣೆಯಾಗಿ, ಬಡಾವಣೆಯಲ್ಲಿ ಮನೆಯೆದ್ದ ಮೇಲೆ ಆ ಮನೆಯ ಮೆಟ್ಟಿಲು ಹತ್ತಿ ಇಳಿದಿತ್ತು. ಸಾವಿರದ ಒಂಬೈನೂರ ಎಂಬತ್ತಾರರ ಮಾಘ ಮಾಸದಲ್ಲಿ ಅದನ್ನು ಒಂದು ಅಂಬಾಸಿಡರ್ ಕಾರಿನ ಕ್ಲಚ್ಚಿನ ಮೇಲೆ ಇಡಲಾಯಿತು. ಅಂದಿನಿಂದ ಅದರ ನಡತೆ ಕೆಟ್ಟಿತು.

ಕ್ಲಚ್ಚು ಎಂಬುದು ಕಾರಿನೊಳಗೆ ಎಡಗಾಲಿಗೆಂದೇ ಇಟ್ಟ ಪೆಡಲು. ಗೇರು ಬದಲಾಯಿಸುವಾಗಲೆಲ್ಲ ಅದನ್ನು ಪೂರ್ತಿ ಒತ್ತಬೇಕು, ಆಮೇಲೆ ಮಲಗಿದ ಮಗುವಿನ ತಲೆಯ ಕೆಳಗಿಂದ ತೋಳು ತೆಗೆದ ಹಾಗೆ ಮೆಲ್ಲಗೆ ಬಿಡಬೇಕು. ದೊಡ್ಡಹನುಮಯ್ಯನವರ ಎಡಗಾಲು ಅದನ್ನು ಕೆಂಡ ತುಳಿದಂತೆ ಬಿಡುತ್ತಿತ್ತು. ಕಾರು ಕಪ್ಪೆಯಂತೆ ಒಮ್ಮೆ ನೆಗೆದು, ಷಟ್ಪದಿಯ ಮೂರನೆಯ ಸಾಲಿನಲ್ಲಿ ಉಸಿರು ಮುಗಿದ ಗಮಕಿಯಂತೆ ಗಕ್ಕನೆ ನಿಂತುಬಿಡುತ್ತಿತ್ತು. ಇಪ್ಪತ್ತೊಂದು ದಿನ ಹೀಗೆಯೇ ನಡೆಯಿತು. ಇಪ್ಪತ್ತೆರಡನೆಯ ದಿನ ಕಾರು ನೆಗೆದು ಹಾಲಿನ ಬೂತಿನ ಮುಂದಿದ್ದ ಖಾಲಿ ಕ್ರೇಟುಗಳ ಮೇಲೆ ಹತ್ತಿ ಕುಳಿತಾಗ, ಡ್ರೈವಿಂಗ್ ಸ್ಕೂಲಿನ ತಿಮ್ಮಯ್ಯ ಬಾಗಿಲು ತೆರೆದು ಇಳಿದು, ಚಪ್ಪಲಿ ಬಿಟ್ಟು, ಕೈ ಮುಗಿದ.

"ಯಜಮಾನ್ರೇ, ನಿಮ್ಮ ಬಲಗಾಲಿಗೆ ನಾಳೇನೇ ಲೈಸೆನ್ಸ್ ಕೊಡಿಸ್ತೀನಿ. ಎಡಗಾಲಿನ ಜವಾಬ್ದಾರಿ ಮಾತ್ರ ನಂದಲ್ಲ."

ಐವತ್ತೆರಡನೆಯ ವಯಸ್ಸಿನಲ್ಲಿ ಈ ಮನುಷ್ಯನಿಗೆ ಇದೆಲ್ಲ ಏಕೆ ಬೇಕಿತ್ತು ಎಂದು ಕೇಳುವವರಿಗೆ ದೇವರ ಪೆಟ್ಟಿಗೆಯ ವಿಷಯ ಹೇಳಬೇಕು.

ದೊಡ್ಡಹನುಮಯ್ಯನವರ ಮನೆಯ ನಡುಕೋಣೆಯಲ್ಲಿ ಹಲಸಿನ ಹಲಗೆಯ ಒಂದು ಪೆಟ್ಟಿಗೆ. ಅದರಲ್ಲಿ ಅವರ ಕುಲದೇವತೆ ಪಟಾಲಮ್ಮನ ಬೆಳ್ಳಿ ಮುಖ, ಹಸಿರು ಸೀರೆ, ಒಂದು ಡಜನ್ ಬಳೆ. ಮಿಕ್ಕ ಪಟಾಲಮ್ಮ, ಎಂದರೆ ಕಲ್ಲಿನ ಪಟಾಲಮ್ಮ, ಕೆಂಗೇರಿ ದಾಟಿ ಮೂರು ಹರದಾರಿ ಒಳಗೆ ಒಂದು ಗುಡ್ಡದ ಮೇಲಿದ್ದಾಳೆ. ವರ್ಷಕ್ಕೊಮ್ಮೆ, ಶ್ರಾವಣದ ಎರಡನೆಯ ಮಂಗಳವಾರ, ಪೆಟ್ಟಿಗೆಯಲ್ಲಿರುವ ಮುಖ ಗುಡ್ಡದ ಮೇಲಿರುವ ಕಲ್ಲನ್ನು ಸೇರಬೇಕು, ಸಂಜೆಗೆ ಮರಳಿ ಬರಬೇಕು. ಇದಕ್ಕೆ ಒಂದೇ ನಿಯಮ: ಪೆಟ್ಟಿಗೆ ಯಾವ ಮನೆಯಲ್ಲಿದೆಯೋ ಆ ಮನೆಯ ಯಜಮಾನನೇ ಬಂಡಿ ಹೊಡೆಯಬೇಕು. ಕೂಲಿಯವನ ಕೈಗೆ ಹಗ್ಗ ಕೊಡುವಂತಿಲ್ಲ.

ದೊಡ್ಡಹನುಮಯ್ಯನವರ ತಂದೆ ಇರುವ ತನಕ ಬಂಡಿಯಿತ್ತು, ಎತ್ತಿತ್ತು, ನಿಯಮವೂ ಇತ್ತು. ಅವರು ತೀರಿಕೊಂಡ ಮೇಲೆ ಹೊಲ ಹೋಯಿತು, ಹೊಲದ ಹಿಂದೆ ಎತ್ತು ಹೋದವು, ಬಾಡಿಗೆ ವ್ಯಾನು ಬಂತು. ವ್ಯಾನಿಗೊಬ್ಬ ಡ್ರೈವರು ಬಂದ. ಪ್ರತಿ ವರ್ಷ ಪಟಾಲಮ್ಮ ತಾಯಿಯ ಮುಂದೆ ತಪ್ಪುಕಾಣಿಕೆ ಇಟ್ಟು ಕೆನ್ನೆ ಬಡಿದುಕೊಂಡು ಬರುತ್ತಿದ್ದರು, ತಾಯಿಯೂ ಕಾಲ ಕೆಟ್ಟಿತೆಂದು ಸುಮ್ಮನಿದ್ದಳು. ಸುಮ್ಮನಿರದೆ ಹೋದವನು ಬಾಪೂಜಿನಗರದ ಮುನಿವೆಂಕಟಪ್ಪ, ದೊಡ್ಡಹನುಮಯ್ಯನವರ ಚಿಕ್ಕಪ್ಪನ ಮಗ. ಹಿಂದಿನ ಶ್ರಾವಣದಲ್ಲಿ ಅವನು ಸ್ವಂತ ಜೀಪು ಕೊಂಡು, ಸ್ವಂತ ಕೈಯಲ್ಲಿ ನಡೆಸಿಕೊಂಡು ಗುಡ್ಡಕ್ಕೆ ಬಂದ. ಬಂದವನೇ ಹದಿನೆಂಟು ಮನೆಯ ದಾಯಾದಿಗಳ ಮುಂದೆ, ಬಹಳ ವಿನಯದಿಂದ, ಬಾಡಿಗೆ ಡ್ರೈವರು ತಂದ ದೇವರು ಬಾಡಿಗೆ ದೇವರಾಗುವುದಿಲ್ಲವೇ ಎಂದು ಕೇಳಿದ. ಪೂಜಾರಿ ಬೆಟ್ಟಯ್ಯನವರು ಗಂಟೆಯಷ್ಟು ಹೊತ್ತು ಕಣ್ಣು ಮುಚ್ಚಿ ಕುಳಿತು ತೀರ್ಪು ಕೊಟ್ಟರು: ಬರುವ ವರ್ಷ ದೊಡ್ಡಹನುಮಯ್ಯ ತಾನೇ ಬಂಡಿ ಹೊಡೆದುಕೊಂಡು ಬಂದರೆ ಪೆಟ್ಟಿಗೆ ಅಲ್ಲೇ ಉಳಿಯತಕ್ಕದ್ದು, ಇಲ್ಲವಾದರೆ ಬಾಪೂಜಿನಗರಕ್ಕೆ ಹೋಗತಕ್ಕದ್ದು.

ದೊಡ್ಡಹನುಮಯ್ಯನವರ ತಾಯಿ ಅಂಜಮ್ಮ ಹದಿನಾಲ್ಕನೆಯ ವಯಸ್ಸಿಗೆ ಸೊಸೆಯಾಗಿ ಬಂದ ಸಂಜೆಯಿಂದ, ಅರವತ್ತೈದು ವರ್ಷ, ಒಂದು ದಿನ ತಪ್ಪದೆ ಆ ಪೆಟ್ಟಿಗೆಯ ಮುಂದೆ ದೀಪ ಹಚ್ಚಿದ್ದರು. ತೀರ್ಪು ಕೇಳಿ ಅವರು ಪ್ರಸಾದದ ಎಲೆಯನ್ನು ಮುಟ್ಟದೆ ಎದ್ದರು. ದೊಡ್ಡಹನುಮಯ್ಯನವರು ಅಂದು ಮನೆಗೆ ಬಂದವರೇ, ಮುಂದಿನ ವರ್ಷ ಈ ಕೈಯಲ್ಲಿ ಸ್ಟೇರಿಂಗ್ ಹಿಡಿಯದಿದ್ದರೆ ಈ ಮನೆಯಲ್ಲಿ ಅನ್ನ ಹಿಡಿಯುವುದಿಲ್ಲ ಎಂದು ಘೋಷಿಸಿದರು. ಅವರ ಹೆಂಡತಿ ಮುನಿಲಕ್ಷ್ಮಮ್ಮ, ಮೊದಲು ಇವತ್ತಿನ ಅನ್ನ ಹಿಡೀರಿ, ಆರ್ತಾ ಇದೆ ಎಂದರು.

ಹೀಗಿರುವಾಗ, ತಿಮ್ಮಯ್ಯ ಕೈ ಮುಗಿದು ಹೋದ ಎರಡು ತಿಂಗಳಿಗೆ, ಮೈಸೂರು ರಸ್ತೆಯಲ್ಲಿ ಒಂದು ಹರಾಜಿನ ಸುದ್ದಿ ಬಂತು. ಯಾವುದೋ ಕಾರ್ಖಾನೆಗೆ ಯಂತ್ರ ಕೂರಿಸಲು ಜಪಾನಿನಿಂದ ಬಂದಿದ್ದ ಎಂಜಿನಿಯರುಗಳು ಕೆಲಸ ಮುಗಿಸಿ ಊರಿಗೆ ಹೊರಟಿದ್ದರು. ಅವರು ಬಿಟ್ಟುಹೋಗುವ ಎರಡು ಕಾರುಗಳನ್ನು ಕೂಗುತ್ತಾರಂತೆ. ದೊಡ್ಡಹನುಮಯ್ಯನವರು ತಮ್ಮ ಮಹಡಿಯ ಬಾಡಿಗೆದಾರ ಕೆಂಚಪ್ಪನವರನ್ನೂ ಮಾಗಡಿ ರಸ್ತೆಯ ಗ್ಯಾರೇಜಿನ ಮುನಿರಾಜುವನ್ನೂ ಕರೆದುಕೊಂಡು ಹೋದರು. ಕೆಂಚಪ್ಪನವರು ಸರ್ಕಾರಿ ಕಚೇರಿಯಲ್ಲಿ ದಫ್ತರಿಯಾಗಿ ನಿವೃತ್ತರಾದವರು. ಮೂವತ್ತು ವರ್ಷ ಎಲ್ಲ ಇಲಾಖೆಯ ಕಾಗದಗಳನ್ನೂ ಕಟ್ಟಿಟ್ಟಿದ್ದರಿಂದ ಎಲ್ಲ ವಿಷಯದಲ್ಲೂ ಅವರಿಗೊಂದು ಅಭಿಪ್ರಾಯವಿತ್ತು.

ಅಂಗಳದಲ್ಲಿ ಎರಡು ಕಾರು ಅವಳಿ ಮಕ್ಕಳಂತೆ ನಿಂತಿದ್ದವು. ಒಂದು ಬೂದು, ಒಂದು ಬಿಳಿ. ಎರಡೂ ಉದ್ದನೆಯ ಕಾರುಗಳು, ಹಿಂದೆ ಒಂದು ಸೀಟು ಹೆಚ್ಚು, ಇಡೀ ಸಂಸಾರ ಹಿಡಿಸುವಂಥವು. ಎರಡಕ್ಕೂ ನಾಲ್ಕು ಚಕ್ರದ ಎಳೆತ. ಎಂದರೆ ಮಾಮೂಲಿ ಕಾರಿನಲ್ಲಿ ಎರಡು ಚಕ್ರ ದುಡಿದು ಎರಡು ಚಕ್ರ ಸುಮ್ಮನೆ ಉರುಳಿದರೆ, ಇವುಗಳಲ್ಲಿ ನಾಲ್ಕೂ ದುಡಿಯುತ್ತವೆ, ಕೆಸರಿನಲ್ಲಿ ಹೂತುಕೊಳ್ಳುವುದಿಲ್ಲ. ಇದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ. ಪಟಾಲಮ್ಮನ ಗುಡ್ಡದ ದಾರಿ ಶ್ರಾವಣದಲ್ಲಿ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯೂ ಅದಕ್ಕಿಂತ ಬಹಳ ಮೇಲೇನಿರಲಿಲ್ಲ.

ವ್ಯತ್ಯಾಸ ಒಂದೇ. ಬೂದು ಕಾರಿನಲ್ಲಿ ಗೇರನ್ನು ಕೈಯಲ್ಲಿ ಹಾಕಬೇಕು, ಕ್ಲಚ್ಚು ಒತ್ತಬೇಕು. ಬಿಳಿ ಕಾರಿನಲ್ಲಿ ಕ್ಲಚ್ಚೇ ಇಲ್ಲ. ಮುಂದಕ್ಕೋ ಹಿಂದಕ್ಕೋ ಎಂದು ಕೋಲೊಂದನ್ನು ಒಮ್ಮೆ ಎಳೆದಿಟ್ಟರೆ ಮುಗಿಯಿತು, ಮುಂದಿನ ಗೇರುಗಳನ್ನು ಅದೇ ಬದಲಾಯಿಸಿಕೊಳ್ಳುತ್ತದೆ. ಆಟೋಮ್ಯಾಟಿಕ್, ಎಂದು ಕಂಪನಿಯ ಮ್ಯಾನೇಜರು ವಿವರಿಸಿದರು. ಬಲಗಾಲೊಂದೇ ಸಾಕು. ಎಡಗಾಲಿಗೆ ಇಲ್ಲಿ ಕೆಲಸವಿಲ್ಲ.

ಈ ಕೊನೆಯ ವಾಕ್ಯ ದೊಡ್ಡಹನುಮಯ್ಯನವರ ಕಿವಿಗೆ ಆಶೀರ್ವಾದದಂತೆ ಬಿತ್ತು.

ಮುನಿರಾಜು ಬಿಳಿ ಕಾರಿನ ಬಾನೆಟ್ಟು ಎತ್ತಿ ನೋಡಿ, ಸತ್ತವರ ಮುಖದ ಮೇಲೆ ಬಟ್ಟೆ ಎಳೆದಂತೆ ಮೆಲ್ಲಗೆ ಮುಚ್ಚಿದ. "ಅಣ್ಣ, ಬೂದು ಬಣ್ಣದ್ದು ತಗೊಳ್ಳಿ. ಅದು ಕೆಟ್ರೆ ನಾನಿದೀನಿ. ಇದು ಕೆಟ್ರೆ ನಾನೂ ನಿಮ್ಮ ಪಕ್ಕ ನಿಂತ್ಕೊಂಡು ನೋಡ್ತೀನಿ, ಅಷ್ಟೇ."

ಕೆಂಚಪ್ಪನವರದು ಇನ್ನೂ ಆಳದ ಆತಂಕ. ಕೆಳಗಿನ ನೌಕರ ತಾನೇ ತೀರ್ಮಾನ ತೆಗೆದುಕೊಳ್ಳಲು ಶುರುಮಾಡಿದ ಯಾವ ಇಲಾಖೆಯೂ ಉದ್ಧಾರವಾಗಿಲ್ಲ, ಇವತ್ತು ಗೇರು ತಾನೇ ಹಾಕಿಕೊಂಡ ಯಂತ್ರ ನಾಳೆ ದಾರಿಯನ್ನೂ ತಾನೇ ಹಿಡಿಯುತ್ತದೆ ಎಂದರು. ಅಷ್ಟರಲ್ಲಿ ಗೇಟಿನಲ್ಲಿ ಒಂದು ಜೀಪು ನಿಂತಿತು. ಮುನಿವೆಂಕಟಪ್ಪ ಕೊಳ್ಳಲು ಬಂದಿರಲಿಲ್ಲ, ನೋಡಲು ಬಂದಿದ್ದ. ಬಿಳಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ದಾಯಾದಿಯ ಪ್ರೀತಿಯಿಂದ ಹೇಳಿದ.

"ಅಣ್ಣಾ, ಇದು ಕಾಲು ಸರಿ ಇಲ್ದೋರಿಗೆ ಅಂತ ಮಾಡಿರೋ ಗಾಡಿ. ನಿನಗೆ ಎರಡೂ ಇದಾವಲ್ಲ."

"ನನಗಿರೋದು ಒಂದೂವರೆ ಕಣೋ ವೆಂಕಟ," ಎಂದರು ದೊಡ್ಡಹನುಮಯ್ಯನವರು. "ಉಳಿದರ್ಧ ಈ ಕಾರಲ್ಲಿದೆ."

ಮ್ಯಾನೇಜರು ಹೇಳಿಕೊಟ್ಟಂತೆ ಅವರು ಬಿಳಿ ಕಾರಿನಲ್ಲಿ ಕುಳಿತು, ಬಲಗಾಲಲ್ಲಿ ಬ್ರೇಕು ಒತ್ತಿ, ಕೋಲನ್ನು ಎಳೆದು, ಬ್ರೇಕು ಬಿಟ್ಟರು. ಕಾರು ನೆಗೆಯಲಿಲ್ಲ, ಕೆಮ್ಮಲಿಲ್ಲ. ದೇವರ ತಲೆಯ ಮೇಲೆ ಎಣ್ಣೆ ಇಳಿದಂತೆ ಹೊರಟಿತು. ಅಂಗಳಕ್ಕೆ ಮೂರು ಸುತ್ತು ಬಂದರು. ಸಾಕು ಇಳಿಯಿರಿ ಎಂದರೆ ಇನ್ನೂ ಎರಡು ಸುತ್ತು ಬಂದರು. ಹರಾಜಿನಲ್ಲಿ ಬೂದು ಕಾರಿಗೆ ಹನ್ನೊಂದು ಜನ ಕೂಗಿದರು. ಬಿಳಿ ಕಾರಿಗೆ ಕೂಗಿದವರು ಒಬ್ಬರೇ. ಅವರು ಮಾತ್ರ ತಮ್ಮ ಕೂಗಿನ ಮೇಲೆ ತಾವೇ ಇನ್ನೊಂದು ಸಲ ಏರಿಸಿ ಕೂಗಿದರು, ಹೆದರುತ್ತ ಕೊಂಡರು ಎಂದು ಯಾರೂ ಅನ್ನಬಾರದೆಂದು.

ಒಂದು ಶುಕ್ರವಾರ ಬೆಳಿಗ್ಗೆ ಮನೆಯ ಮುಂದೆ ಪೂಜೆ. ನಾಲ್ಕು ಚಕ್ರಕ್ಕೂ ನಾಲ್ಕು ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮದ ಸ್ವಸ್ತಿಕ, ಕನ್ನಡಿಗೆ ಹಾರ. ದೊಡ್ಡಹನುಮಯ್ಯನವರು ಪಂಚೆಯುಟ್ಟು ಒಳಗೆ ಕುಳಿತಿದ್ದರು. ಒಳ್ಳೆಯ ಗಳಿಗೆ ಮೀರದಿರಲೆಂದು ಎಂಜಿನ್ ಹಾಕಿ, ಕೋಲನ್ನೂ ಮುಂದಕ್ಕೆ ಎಳೆದು, ಬಲಗಾಲಲ್ಲಿ ಬ್ರೇಕು ಒತ್ತಿ ಹಿಡಿದಿದ್ದರು. ಆಂಜನೇಯನ ಗುಡಿಯ ಅರ್ಚಕರು ಕಾರಿನ ಎದುರು ನಿಂತು ಮಂಗಳಾರತಿ ಎತ್ತಿದರು. ಆಗ ಆ ಮನುಷ್ಯನಿಗೆ ಒಂದು ಧರ್ಮಸೂಕ್ಷ್ಮ ಹೊಳೆಯಿತು. ಕಾಲಲ್ಲಿ ಏನನ್ನೋ ತುಳಿದುಕೊಂಡು ಆರತಿಗೆ ಕೈ ಮುಗಿಯುವುದುಂಟೇ. ಅವರು ಕಾಲು ತೆಗೆದರು. ಕಣ್ಣು ಮುಚ್ಚಿದರು. ಎರಡೂ ಕೈ ಜೋಡಿಸಿದರು.

ಇಂಥ ಕಾರಿನ ಸ್ವಭಾವವೇನೆಂದರೆ, ಮುಂದಿನ ಗೇರಿನಲ್ಲಿಟ್ಟು ಬ್ರೇಕು ಬಿಟ್ಟರೆ ಯಾರೂ ಏನೂ ಒತ್ತದಿದ್ದರೂ ಅದು ಮೆಲ್ಲಗೆ ನಡೆಯುತ್ತದೆ. ನಾಲ್ಕು ನಿಂಬೆಹಣ್ಣೂ ಒಟ್ಟಿಗೆ ಪಚ್ಚನೆ ಒಡೆದವು. ಕಾರು ಅರ್ಚಕರ ಕಡೆಗೆ ಬಂತು. ಅರ್ಚಕರು ಒಂದು ಹೆಜ್ಜೆ ಹಿಂದಿಟ್ಟರು, ಕಾರು ಒಂದು ಹೆಜ್ಜೆ ಮುಂದಿಟ್ಟಿತು. ಎತ್ತಿದ ಮಂಗಳಾರತಿಯನ್ನು ಅರ್ಧಕ್ಕೆ ಇಳಿಸಬಾರದೆಂಬುದು ಅವರ ನಿಷ್ಠೆ. ಮಂತ್ರ ತಪ್ಪದಂತೆ, ತಟ್ಟೆಯ ಕರ್ಪೂರ ಆರದಂತೆ, ಅವರು ಬೀದಿಯುದ್ದಕ್ಕೂ ಹಿಮ್ಮುಖವಾಗಿ ನಡೆದರು. ಕಾರು ಅವರನ್ನು ಭಕ್ತಿಯಿಂದ ಹಿಂಬಾಲಿಸಿತು. ಒಳಗೆ ಯಜಮಾನರು ಕಣ್ಣು ಮುಚ್ಚಿ, ಕೈ ಮುಗಿದು, ತುಟಿ ಅಲುಗಿಸುತ್ತ ಕುಳಿತಿದ್ದರು. ಮೂರು ಮನೆ ದಾಟಿ ನಲ್ಲಿಯ ಬಳಿ ಕೊಡ ಹಿಡಿದ ಹೆಂಗಸರ ಸಾಲು ಚದುರಿದಾಗ ದೊಡ್ಡಹನುಮಯ್ಯನವರು ಪ್ರಾರ್ಥನೆ ಮುಗಿಸಿ ಕಣ್ಣು ತೆರೆದರು. ಮನೆ ಏಕೆ ಹಿಂದೆ ಹೋಯಿತೆಂದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬ್ರೇಕು ಒತ್ತಿದರು.

ಅಂದು ಮಧ್ಯಾಹ್ನದೊಳಗೆ, ದೊಡ್ಡಹನುಮಯ್ಯನವರ ಕಾರು ತಾನೇ ನಡೆಯುತ್ತದೆ ಎಂಬ ಸುದ್ದಿ ರಾಜಾಜಿನಗರ ಮುಟ್ಟಿತು. ಸಂಜೆಗೆ ಅದು ವಿಜಯನಗರಕ್ಕೆ ಹೋಗುವಾಗ, ಕಾರಿಗೆ ದಾರಿಯೂ ಗೊತ್ತು ಎಂದು ಬೆಳೆದಿತ್ತು. ಕೆಂಚಪ್ಪನವರು ಇದನ್ನೆಲ್ಲ ತಾವು ಹರಾಜಿನ ದಿನವೇ ಲಿಖಿತವಾಗಿ ಅಲ್ಲದಿದ್ದರೂ ಮೌಖಿಕವಾಗಿ ತಿಳಿಸಿದ್ದಾಗಿ ಬಂದವರಿಗೆಲ್ಲ ಹೇಳುತ್ತ ಗೇಟಿನಲ್ಲಿ ನಿಂತರು. ಕಾರಿಗೆ ಸರಪಳಿ ಹಾಕಿ ನುಗ್ಗೆಮರಕ್ಕೆ ಕಟ್ಟುವುದು ಮೇಲೆಂದು ಅವರ ಸಲಹೆ. ಮುನಿಲಕ್ಷ್ಮಮ್ಮನವರು ಸರಪಳಿಗೆ ಒಪ್ಪದೆ, ರುಬ್ಬುವ ಕಲ್ಲನ್ನು ಉರುಳಿಸಿ ತಂದು ಮುಂದಿನ ಚಕ್ರಕ್ಕೆ ಅಡ್ಡ ಇಟ್ಟರು. ಹಿಂದಿನ ಬೀದಿಯ ಶಾಂತವ್ವ ಬಂದು, ತಮ್ಮ ಯಜಮಾನರಿಗೆ ಈ ವಾರ ಎರಡನೇ ಶಿಫ್ಟು, ಬಸ್ಸು ಸಿಗುವುದಿಲ್ಲ, ಕಾರನ್ನು ಫ್ಯಾಕ್ಟರಿ ಗೇಟಿಗೆ ಕಳಿಸಬಹುದೇ ಎಂದು ಕೇಳಿದರು. ದೊಡ್ಡಹನುಮಯ್ಯನವರು ಆಗಲಿ, ನಾನೇ ಹೋಗಿ ಕರೆತರುತ್ತೇನೆ ಎಂದರು. "ಅಯ್ಯೋ ನೀವ್ಯಾಕೆ ತೊಂದ್ರೆ ತಗೋತೀರಿ ಅಣ್ಣ," ಎಂದರು ಶಾಂತವ್ವ. "ಗಾಡಿ ಒಂದನ್ನೇ ಕಳ್ಸಿ ಸಾಕು."

ಅಪವಾದ ಬಂದಾಗ ಸಾಮಾನ್ಯ ಮನುಷ್ಯ ಸುಮ್ಮನಿರುತ್ತಾನೆ. ದೊಡ್ಡಹನುಮಯ್ಯನವರು ಪೇಂಟರನ್ನು ಕರೆಸಿದರು. ಕಾರಿನ ಹಿಂದಿನ ಗಾಜಿನ ಮೇಲೆ ಕೆಂಪಕ್ಷರದಲ್ಲಿ, 'ಈ ಕಾರನ್ನು ನಡೆಸುತ್ತಿರುವವರು ದೊಡ್ಡಹನುಮಯ್ಯ' ಎಂದು ಬರೆಸಿದರು. ಅದನ್ನು ಓದಿದ ಮೇಲೆ, ಅಲ್ಲಿಯವರೆಗೆ ನಂಬದೆ ಇದ್ದವರೂ ನಂಬಿದರು. ನಿಜವಾಗಿ ಅವರೇ ನಡೆಸುವುದಾದರೆ ಬರೆಸುವ ಅಗತ್ಯವೇನಿತ್ತು.

ಈ ಹೊತ್ತಿಗೆ ಸರಿಯಾಗಿ ಮುನಿವೆಂಕಟಪ್ಪ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದ. ಕಾರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅಂಜಮ್ಮನವರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಪಕ್ಕದಲ್ಲಿ ಕುಳಿತ.

"ದೊಡ್ಡಮ್ಮ, ಪೆಟ್ಟಿಗೆ ಇಡೋಕೆ ನಮ್ಮನೇಲಿ ಒಂದು ಗೂಡು ಕಟ್ಟಿಸ್ತಾ ಇದೀನಿ. ಕೆಳಗಡೆ ಮೊಸಾಯಿಕ್ ಹಾಕ್ಸೋದೋ, ಕಡಪ ಕಲ್ಲೋ? ನಿಮ್ಮನ್ನೇ ಒಂದು ಮಾತು ಕೇಳೋಣ ಅಂತ ಬಂದೆ."

ಅಂಜಮ್ಮ ದೀಪದ ಬತ್ತಿ ಹೊಸೆಯುತ್ತಿದ್ದವರು ಹೊಸೆಯುತ್ತಲೇ ಇದ್ದರು. ಉತ್ತರ ಕೊಟ್ಟವರು ಮಗ. ಗೂಡಿಗೆ ಒಂದು ಬಾಗಿಲಿಟ್ಟು ಬೀಗ ಹಾಕಿಸು, ಖಾಲಿ ಗೂಡಲ್ಲಿ ಪಾರಿವಾಳ ಸೇರಿಕೊಳ್ಳುತ್ತವೆ ಎಂದರು. ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು. ಮುನಿವೆಂಕಟಪ್ಪ ಹೋದ ಮೇಲೆ ಬಾಳೆಹಣ್ಣಿನ ಚಿಪ್ಪನ್ನು ಎತ್ತಿ ಎಲ್ಲಿಡುವುದೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ಮನೆಯೆಲ್ಲ ಮೂರು ಸಲ ಓಡಾಡಿದರು.

ಇನ್ನು ಉಳಿದದ್ದು ಲೈಸೆನ್ಸು. ಸಾರಿಗೆ ಕಚೇರಿಯ ಇನ್ಸ್‌ಪೆಕ್ಟರು ನಿಯಮದ ಮನುಷ್ಯ. ಅವರ ಕೈಯಲ್ಲಿದ್ದ ಪರೀಕ್ಷೆಯ ಹಾಳೆಯಲ್ಲಿ ಎಂಟು ಕಲಮುಗಳಿದ್ದವು. ಮೊದಲನೆಯದು ಕ್ಲಚ್ಚಿನ ಹತೋಟಿ. ಕ್ಲಚ್ಚು ಒತ್ತಿ ತೋರಿಸಿ ಎಂದರು. ಇದರಲ್ಲಿ ಕ್ಲಚ್ಚಿಲ್ಲ ಸಾರ್ ಎಂದರು ದೊಡ್ಡಹನುಮಯ್ಯನವರು. ಇಲ್ಲದಿರುವುದು ನಿಮ್ಮ ಸಮಸ್ಯೆ, ಒತ್ತಿ ತೋರಿಸುವುದು ನಿಯಮ ಎಂದರು ಇನ್ಸ್‌ಪೆಕ್ಟರು. ಹಾಳೆಯ ಮೇಲಿನ ಗೌರವಕ್ಕಾಗಿ ದೊಡ್ಡಹನುಮಯ್ಯನವರು ಎಡಗಾಲಿನಿಂದ ನೆಲವನ್ನೇ ಒಮ್ಮೆ ಒತ್ತಿ ಮೆಲ್ಲಗೆ ಬಿಟ್ಟರು. ಬಹಳ ಚೆನ್ನಾಗಿ ಬಿಟ್ಟರು. ತಿಮ್ಮಯ್ಯ ನೋಡಿದ್ದರೆ ಅಳುತ್ತಿದ್ದ. ಆಮೇಲೆ ಮೈದಾನವೆಲ್ಲ ಸುತ್ತಿ, ತಿರುಗಿಸಿ, ಹಿಂದಕ್ಕೆ ತಂದು, ಸುಣ್ಣದ ಗೆರೆಯ ನಡುವೆ ಕೂದಲೆಳೆ ತಪ್ಪದಂತೆ ನಿಲ್ಲಿಸಿದರು.

ಇನ್ಸ್‌ಪೆಕ್ಟರು ಪೆನ್ನಿನ ಕ್ಯಾಪು ಕಚ್ಚಿ ಬಹಳ ಹೊತ್ತು ಯೋಚಿಸಿದರು. "ಗಾಡಿ ಪಾಸಾಯ್ತು. ನೀವು ಪಾಸಾದ್ರೋ ಇಲ್ವೋ ಅಂತ ಮೇಲಿನವರನ್ನ ಕೇಳ್ಬೇಕು. ಗೇರು ಹಾಕಿದ್ದು ಅದು, ನೀವಲ್ಲ."

"ಹಂಗಾದ್ರೆ ಲೈಸೆನ್ಸ್ ಅದರ ಹೆಸರಿಗೇ ಬರೀರಿ ಸಾರ್," ಎಂದರು ದೊಡ್ಡಹನುಮಯ್ಯನವರು. "ತಂದೆ ಹೆಸರು ಜಪಾನ್ ಅಂತ ಹಾಕಿ. ನಾಳೆ ಯಾರಿಗಾದ್ರೂ ಗುದ್ದಿದ್ರೆ ಅದನ್ನೇ ಸ್ಟೇಷನ್ನಿಗೆ ಕರ್ಕೊಂಡು ಹೋಗಿ. ನಾನು ಮನೇಲಿರ್ತೀನಿ."

ಇದರಿಂದ ಇಲಾಖೆಗೆ ಒದಗಬಹುದಾದ ತೊಡಕುಗಳು ಇನ್ಸ್‌ಪೆಕ್ಟರ ಕಣ್ಣ ಮುಂದೆ ಒಂದೊಂದಾಗಿ ಹಾದುಹೋಗಿರಬೇಕು. ಅವರು ಸಹಿ ಹಾಕಿದರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ಕ್ಲಚ್ಚಿಲ್ಲದ ವಾಹನಕ್ಕೆ ಮಾತ್ರ ಎಂದು ಬರೆದರು. ದೊಡ್ಡಹನುಮಯ್ಯನವರು ಆ ಲೈಸೆನ್ಸಿಗೆ ಚೌಕಟ್ಟು ಹಾಕಿಸಬೇಕೆಂದಿದ್ದರು. ಜೇಬಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಎಂದು ಹೆಂಡತಿ ತಡೆದರು.

ಶ್ರಾವಣದ ಎರಡನೆಯ ಮಂಗಳವಾರ ಬಂತು. ಮೂರು ದಿನದಿಂದ ಮಳೆ. ಬಿಳಿ ಕಾರಿನ ನಡುವಿನ ಸೀಟಿನಲ್ಲಿ ಅಂಜಮ್ಮ, ಅವರ ಮಡಿಲಲ್ಲಿ ಪೆಟ್ಟಿಗೆ, ಪಕ್ಕದಲ್ಲಿ ಮುನಿಲಕ್ಷ್ಮಮ್ಮ, ಹಿಂದೆ, ಸಾಕ್ಷಿಗೆಂದು ತಾವಾಗಿಯೇ ಹತ್ತಿದ ಕೆಂಚಪ್ಪನವರು. ಮಾಗಡಿ ರಸ್ತೆ, ಮೈಸೂರು ರಸ್ತೆ, ಕೆಂಗೇರಿ, ಅಲ್ಲಿಂದ ಎಡಕ್ಕೆ ಮಣ್ಣಿನ ದಾರಿ. ಎರಡು ಬಾಡಿಗೆ ವ್ಯಾನುಗಳು ಕೆಸರಿನಲ್ಲಿ ಮೊಣಕಾಲುದ್ದ ಹೂತು, ದಾಯಾದಿಗಳೆಲ್ಲ ಇಳಿದು ತಳ್ಳುತ್ತಿದ್ದರು. ನಾಲ್ಕು ಚಕ್ರವೂ ದುಡಿಯುವ ಕಾರು ಅವರ ಪಕ್ಕದಲ್ಲೇ, ಅವರ ಪಂಚೆಗಳಿಗೆ ಅಚ್ಚುಕಟ್ಟಾಗಿ ಕೆಸರು ಹಂಚುತ್ತ, ಹಾದುಹೋಯಿತು. ದೊಡ್ಡಹನುಮಯ್ಯನವರು ಗಾಜಿಳಿಸಿ, ನೋಡ್ಕೊಳ್ಳಿ, ಕೈ ನಂದೇ, ಎಂದು ಪ್ರತಿಯೊಬ್ಬರಿಗೂ ಕೂಗಿ ಹೇಳಿದರು. ಹಾಗೆ ಕೂಗಲು ಕೈಯೊಂದನ್ನು ಹೊರಗೆ ಚಾಚಿ ತೋರಿಸುತ್ತಿದ್ದುದರಿಂದ, ಕೈ ಬಿಟ್ಟರೂ ಕಾರು ಹೋಗುತ್ತಿದೆ ಎಂದು ನೋಡಿದವರಿಗೆ ಖಾತ್ರಿಯಾಯಿತು.

ಗುಡ್ಡದ ಬುಡದಲ್ಲಿ ಪಾದದ ಕಲ್ಲು. ಪೆಟ್ಟಿಗೆ ಯಾರ ಕೈಯಲ್ಲಿ ಬಂತೆಂದು ಪೂಜಾರಿ ಕೇಳುವುದು ಅಲ್ಲಿಯೇ. ಬೆಟ್ಟಯ್ಯನವರು ಕೊಡೆ ಹಿಡಿದು ನಿಂತಿದ್ದರು. ಮುನಿವೆಂಕಟಪ್ಪನ ಜೀಪು ಆಗಲೇ ಬಂದಿತ್ತು. ಬೆಟ್ಟಯ್ಯನವರು ಬಾಯಿ ತೆರೆಯುವ ಮೊದಲೇ ಅವನು ಮುಂದೆ ಬಂದ.

"ಸ್ವಾಮಿ, ಅಣ್ಣ ಬಂದಿದಾನೆ, ಒಪ್ತೀನಿ. ಆದ್ರೆ ಹೊಡ್ಕೊಂಡು ಬಂದಿಲ್ಲ. ಕೂತ್ಕೊಂಡು ಬಂದಿದಾನೆ."

ದೊಡ್ಡಹನುಮಯ್ಯನವರು ಲೈಸೆನ್ಸು ತೆಗೆದು ತೋರಿಸಿದರು. ಸರ್ಕಾರದ ಮೊಹರು ತಾಯಿಯ ಸನ್ನಿಧಿಯಲ್ಲಿ ನಡೆಯುವುದಿಲ್ಲ ಎಂದ ಮುನಿವೆಂಕಟಪ್ಪ. ಹದಿನೆಂಟು ಮನೆಯವರು ಕೆಸರುಗಾಲಲ್ಲಿ ಸುತ್ತ ನೆರೆದರು. ಬಸವೇಶ್ವರನಗರದ ಕಾರು ಅರ್ಚಕರನ್ನು ಅಟ್ಟಿಸಿಕೊಂಡು ಹೋದ ಕಥೆ ಎಲ್ಲರೂ ಕೇಳಿದ್ದರು. ಅಲ್ಲೇ ಇದ್ದವರಿದ್ದಾರೆ, ಕೇಳಿ, ಎಂದು ಯಾರೋ ಹೇಳಿದಾಗ ಕೆಂಚಪ್ಪನವರು ಗಂಟಲು ಸರಿಪಡಿಸಿಕೊಂಡು, ಕಾರು ನಡೆಯುವಾಗ ಯಜಮಾನರ ಎರಡೂ ಕೈ ಮುಗಿದಿದ್ದವು, ಕಣ್ಣು ಮುಚ್ಚಿದ್ದವು ಎಂಬ ಸತ್ಯವನ್ನು ಸತ್ಯಕ್ಕಾಗಿ ನುಡಿದರು. ಬೆಟ್ಟಯ್ಯನವರು ಹಣೆ ಉಜ್ಜಿಕೊಂಡರು. ಎತ್ತಿನ ಬಂಡಿಗೆ ಪದ್ಧತಿಯಿದೆ, ಕುದುರೆಗಿದೆ, ಜೀಪಿಗೂ ಮೊನ್ನೆ ಮೊನ್ನೆ ಒಂದು ಮಾಡಿಕೊಂಡದ್ದಾಯಿತು. ಗೇರು ತಾನೇ ಹಾಕಿಕೊಳ್ಳುವ ಗಾಡಿಯಲ್ಲಿ ಸಾರಥಿ ಯಾರು, ಸವಾರ ಯಾರು ಎಂದು ಅವರ ಅಪ್ಪನಾಗಲಿ ಅಜ್ಜನಾಗಲಿ ಹೇಳಿಕೊಟ್ಟಿರಲಿಲ್ಲ.

ದೊಡ್ಡಹನುಮಯ್ಯನವರು ಅಂಜಮ್ಮನವರನ್ನು ಕೈ ಹಿಡಿದು ಇಳಿಸಿ, ಪೆಟ್ಟಿಗೆಯ ಸಮೇತ ಪಾದದ ಕಲ್ಲಿನ ಪಕ್ಕ ಕೂರಿಸಿದರು. ತಿರುಗಿ ಬಂದು, ಕಾರಿನ ಕೀಲಿಯನ್ನು ಮುನಿವೆಂಕಟಪ್ಪನ ಮುಂದೆ ಹಿಡಿದರು.

"ತಾನೇ ಹೋಗೋ ಗಾಡಿ ಅಂದ್ಯಲ್ಲ. ಇಲ್ಲಿಂದ ಗುಡಿ ಬಾಗಿಲಿಗೆ ಇನ್ನೂರು ಗಜ. ನೀನು ಕೂತ್ಕೋ. ಅದು ನಿನ್ನ ಮೇಲಕ್ಕೆ ಕರ್ಕೊಂಡು ಹೋದ್ರೆ ಪೆಟ್ಟಿಗೆ ನಾನೇ ಎತ್ತಿ ನಿನ್ನ ಜೀಪಲ್ಲಿ ಇಡ್ತೀನಿ."

ಮುನಿಲಕ್ಷ್ಮಮ್ಮ ಗಂಡನ ತೋಳು ಜಗ್ಗಿದರು. ಅವರು ತೋಳನ್ನು ಬಿಡಿಸಿಕೊಂಡರು. ಅಂಜಮ್ಮ ಪೆಟ್ಟಿಗೆಯ ಮೇಲೆ ಎರಡೂ ಕೈ ಇಟ್ಟು ಮಗನನ್ನೇ ನೋಡುತ್ತಿದ್ದರು.

ಮುನಿವೆಂಕಟಪ್ಪ ಇಪ್ಪತ್ತು ವರ್ಷದಿಂದ ಲಾರಿ, ಟ್ರಾಕ್ಟರು, ಜೀಪು ಎಲ್ಲ ನಡೆಸಿದವನು. ಕೀಲಿ ಕಿತ್ತುಕೊಂಡು ಹತ್ತಿ ಕುಳಿತ. ಪ್ರಮಾಣಕ್ಕೆ ಬೆಟ್ಟಯ್ಯನವರು ಪಕ್ಕದಲ್ಲಿ ಕುಳಿತರು. ಕಾರು ಹೊರಟಿತು. ನಾಲ್ಕು ಮಾರು ಹೋದದ್ದೇ, ಎಂಜಿನ್ನಿನ ದನಿ ಏರಿತು, ಮುನಿವೆಂಕಟಪ್ಪನ ಎಡಗಾಲು ಇಪ್ಪತ್ತು ವರ್ಷದ ಅಭ್ಯಾಸದಂತೆ ಗೇರು ಬದಲಾಯಿಸಲು ಕ್ಲಚ್ಚನ್ನು ಹುಡುಕಿ ಬಲವಾಗಿ ಒತ್ತಿತು. ಕ್ಲಚ್ಚು ಇರಲಿಲ್ಲ. ಅದು ಇರಬೇಕಾದ ಜಾಗದವರೆಗೂ ಚಾಚಿಕೊಂಡ ಅಗಲವಾದ ಬ್ರೇಕು ಇತ್ತು. ಕಾರು ಗೋಡೆಗೆ ಬಡಿದಂತೆ ನಿಂತಿತು. ಬೆಟ್ಟಯ್ಯನವರ ರುಮಾಲು ಗಾಜಿಗೆ ಬಡಿದು ಮಡಿಲಿಗೆ ಬಿತ್ತು.

ಮತ್ತೆ ಹೊರಟಿತು, ಮತ್ತೆ ನಿಂತಿತು. ಒತ್ತಬಾರದೆಂದು ಮುನಿವೆಂಕಟಪ್ಪನ ಬುದ್ಧಿಗೆ ತಿಳಿದಿತ್ತು, ಕಾಲಿಗೆ ತಿಳಿದಿರಲಿಲ್ಲ. ಅವನು ಸಿಟ್ಟಾದಷ್ಟೂ ಕಾಲು ಇನ್ನಷ್ಟು ನಿಷ್ಠೆಯಿಂದ ಒತ್ತಿತು. ಕಲಿತ ವಿದ್ಯೆಯೇ ಒಡೆಯನ ಮೇಲೆ ತಿರುಗಿ ಬಿದ್ದ ಪ್ರಸಂಗಗಳನ್ನು ಹಿರಿಯರು ವಾಚನದಲ್ಲಿ ಕೇಳಿರುತ್ತಾರೆ. ಅದನ್ನು ಕೆಸರಿನಲ್ಲಿ ಕಣ್ಣಾರೆ ನೋಡುವ ಪುಣ್ಯ ಅಂದು ಹದಿನೆಂಟು ಮನೆಯವರಿಗೆ ದೊರಕಿತು. ಏಳನೆಯ ಸಲಕ್ಕೆ ಬೆಟ್ಟಯ್ಯನವರು ರುಮಾಲು ಕಂಕುಳಲ್ಲಿ ಇರುಕಿಕೊಂಡು ಬಾಗಿಲು ತೆರೆದರು. "ನಾನು ನಡೆದೇ ಬರ್ತೀನಪ್ಪ. ವಯಸ್ಸಾಗಿದೆ."

ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದ. ಮುನಿವೆಂಕಟಪ್ಪ ಇಳಿದು ಬಂದು, ಬೆವರೊರೆಸಿಕೊಂಡು, ಹೊಸ ವಾದ ಹೂಡಿದ. ಗಾಡಿ ಅಣ್ಣನಿಗೆ ಒಗ್ಗಿದೆ, ತನಗೆ ಒಗ್ಗಿಲ್ಲ, ಅಷ್ಟೇ. ಒಗ್ಗಿದ ಗಾಡಿ ತಾನೇ ಎಳೆದು ತಂದಿದೆ. ಯಜಮಾನ ಬಂಡಿ ಹೊಡೆಯಬೇಕೆಂದಿದೆ ಪದ್ಧತಿ, ಬಂಡಿ ಯಜಮಾನನನ್ನು ಹೊತ್ತು ತರಬೇಕೆಂದಿಲ್ಲ. ದೊಡ್ಡಪ್ಪ ಇದ್ದಾಗ ಹೀಗೆ ನಡೆಯುತ್ತಿತ್ತೇ, ದೊಡ್ಡಮ್ಮನೇ ಹೇಳಲಿ. ಜನ ಗೊಣಗಿದರು. ಕೆಲವರು ತಲೆದೂಗಿದರು. ಬೆಟ್ಟಯ್ಯನವರು ಮತ್ತೆ ಹಣೆಗೆ ಕೈ ಒಯ್ದರು.

ಅಂಜಮ್ಮ ಪೆಟ್ಟಿಗೆಯಿಂದ ಕೈ ತೆಗೆಯದೆಯೇ ಮಾತಾಡಿದರು. ಒಂದು ವರ್ಷದಲ್ಲಿ ಈ ವಿಷಯವಾಗಿ ಅವರು ಆಡಿದ ಮೊದಲ ಮಾತು ಅದು.

"ನಿನ್ನ ದೊಡ್ಡಪ್ಪ ಕುರುಬರಹಳ್ಳಿ ತೋಪು ದಾಟೋದ್ರೊಳಗೆ ಗೊರಕೆ ಹೊಡೀತಿದ್ರು ವೆಂಕಟ. ಕೆಂಗೇರಿ ಏರಿ ಮೇಲೆ ಒಂದ್ಸಲ ಏಳೋರು, ಎಲೆ ಅಡಿಕೆ ಹಾಕ್ಕೊಳ್ಳೋರು, ತಿರ್ಗಾ ಮಲಗೋರು. ಎತ್ತು ತಾವೇ ಬರ್ತಿದ್ವು, ಇಗೋ ಈ ಕಲ್ಲಿನ ಹತ್ರ ಬಂದು ತಾವೇ ನಿಲ್ತಿದ್ವು. ನಲವತ್ತು ವರ್ಷ ಹಂಗೇ ಬಂದಿದೀನಿ." ಅವರು ಪೆಟ್ಟಿಗೆಯ ಮೇಲೆ ಬಿದ್ದ ಮಳೆಹನಿಯನ್ನು ಸೆರಗಿನಿಂದ ಒರೆಸಿದರು. "ಎತ್ತಿಗೆ ಗೇರು ಯಾರು ಹಾಕ್ತಿದ್ರಪ್ಪಾ?"

ಬೆಟ್ಟಯ್ಯನವರು, ಏನೋ ನೆನಪಾದವರಂತೆ, ಮೆಲ್ಲಗೆ ತಲೆಯಾಡಿಸತೊಡಗಿದರು. ತಮ್ಮ ತಂದೆ ಪೂಜಾರಿಯಾಗಿದ್ದಾಗ, ಬಂಡಿ ಬಂದ ಕೂಡಲೇ ಮೊದಲು ಒಂದು ಚೊಂಬು ನೀರು ತೆಗೆದುಕೊಂಡು ಹೋಗುತ್ತಿದ್ದರು. ಅದು ಪೆಟ್ಟಿಗೆಗೆ ಪ್ರೋಕ್ಷಣೆ ಎಂದೇ ತಾವು ಇಷ್ಟು ವರ್ಷ ತಿಳಿದಿದ್ದರು. ಯಜಮಾನರ ಮುಖಕ್ಕೆ ಎಂದು ಈಗ ಅರ್ಥವಾಯಿತು.

"ದೊಡ್ಡಹನುಮಯ್ಯ ಎಚ್ಚರವಾಗಿ ಬಂದಿದಾನೆ," ಎಂದು ಅವರು ತೀರ್ಪು ಕೊಟ್ಟರು. "ಪದ್ಧತಿಗಿಂತ ಒಂದು ಕೈ ಮೇಲೇ ಆಯ್ತು. ಪೆಟ್ಟಿಗೆ ಎತ್ತು."

ಅಂಜಮ್ಮ ಪೆಟ್ಟಿಗೆಯೊಂದಿಗೆ ಮತ್ತೆ ಕಾರು ಹತ್ತಿದರು. ಉಳಿದ ಏರನ್ನು ದೊಡ್ಡಹನುಮಯ್ಯನವರು ಬೇಕೆಂದೇ ಎತ್ತಿನ ನಡಿಗೆಯಲ್ಲಿ ಹತ್ತಿಸಿದರು. ಹದಿನೆಂಟು ಮನೆಯವರೂ, ಜೀಪನ್ನು ಕೆಳಗೇ ಬಿಟ್ಟ ಮುನಿವೆಂಕಟಪ್ಪನೂ, ಹಿಂದೆ ನಡೆದು ಬರುತ್ತಿದ್ದರು. ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದ ಬೆಟ್ಟಯ್ಯನವರು ಕಿಟಕಿಯಲ್ಲಿ ಇಣುಕಿದಾಗ, ಯಜಮಾನರ ಬಲಗಾಲು ಕೆಳಗೆ ವಿನಯದಿಂದ ದುಡಿಯುತ್ತಿತ್ತು. ಎಡಗಾಲು ಮಾತ್ರ, ಬಂಡಿಯ ಮೂಕಿಯ ಮೇಲೆ ಕುಳಿತವರಂತೆ, ಸೀಟಿನ ಮೇಲೆ ಮಡಿಸಿಕೊಂಡು ಕುಳಿತಿತ್ತು. ದೇವರ ಪೆಟ್ಟಿಗೆ ಹಿಂದಿರುವಾಗ ಹಾಗೆ ಕೂರಬಾರದು, ಕಾಲು ಇಳಿಸು ಎಂದರು ಬೆಟ್ಟಯ್ಯನವರು.

"ಇಳಿಸಲ್ಲ ಸ್ವಾಮಿ," ಎಂದರು ದೊಡ್ಡಹನುಮಯ್ಯನವರು. "ಕೆಳಗೆ ಅದಕ್ಕೆ ಕೆಲಸ ಇಲ್ಲ."